ಕಟ್ಟಿಗೆ ಸೀಳುವ ಮಷಿನ್ ಅರ್ಧಕ್ಕೆ ನಿಂತರೆ ಎಲ್ಲಿಂದ ಹುಡುಕಬೇಕು

ಮಾರ್ಚ್ ಬಂತೆಂದರೆ ಗೋವಾದ ಫೋಂಡಾ ಹತ್ತಿರದ ನಮ್ಮ ಕಟ್ಟಿಗೆ ಡಿಪೋದಲ್ಲಿ ಕೂರಲು ಪುರುಸೊತ್ತಿರುವುದಿಲ್ಲ. ಗೇರುಹಣ್ಣು ಉದುರಲು ಶುರುವಾಗುತ್ತದೆ, ಆ ಹಣ್ಣಿನಿಂದ ಫೆನಿ ಸಾರಾಯಿ ಕಾಯಿಸುವ ಭಟ್ಟಿಗಳಿಗೆ ಮೇ ತನಕ ಬೆಂಕಿ ಬೇಕು. ಪಾವ್ ಮಾಡುವ ಪೊದೇರರಿಗೆ ವರ್ಷವಿಡೀ ಬೇಕು. ಅಂಥ ಒಂದು ಮಧ್ಯಾಹ್ನ ನಮ್ಮ ಮಷಿನ್ ಒಂದು ಗೇರು ದಿಮ್ಮಿಯನ್ನು ಅರ್ಧ ಸೀಳಿ ನಿಂತುಬಿಟ್ಟಿತು. ಮೋಟಾರ್ ಓಡುತ್ತಿದೆ. ಲಿವರ್ ಒತ್ತಿಯೇ ಇದೆ. ಬೆಣೆ ಮರದೊಳಗೆ ನಾಲ್ಕು ಬೆರಳು ಹೋಗಿದೆ. ಅಲ್ಲಿಂದ ಮುಂದಕ್ಕಿಲ್ಲ.

“ಅಣ್ಣಾರ, ಮುಂಜಾನೆ ಇಂಥಾವನ್ನೆಲ್ಲಾ ಸೌತಿಕಾಯಿ ಸೀಳಿದಂಗ ಸೀಳೈತ್ರಿ. ಬಿಸಲು ಏರಿದ ಮ್ಯಾಲ ಸುಸ್ತಾಗಾಕತ್ತೈತಿ,” ಅಂದ ಲಿವರ್ ಹತ್ತಿರ ನಿಂತಿದ್ದ ಕುಷ್ಟಗಿ ಕಡೆಯ ಹುಡುಗ.

ಅವನ ಮಾತಿನಲ್ಲಿ ಅರ್ಧ ಉತ್ತರ ಇತ್ತು. ನಾನು ಕೇಳಿಸಿಕೊಳ್ಳಲಿಲ್ಲ. ಮೆಕ್ಯಾನಿಕ್ ಬಂದರು, ಐದು ನಿಮಿಷ ಸದ್ದು ಕೇಳಿದರು, “ಪಂಪ್ ಹೋಗಿದೆ” ಅಂದರು. ಹೊಸ ಪಂಪ್ ತಂದು ಹಾಕಿದೆವು. ಮರುದಿನ ಬೆಳಿಗ್ಗೆ ಮಷಿನ್ ಚೆನ್ನಾಗಿ ಓಡಿತು. ಮಧ್ಯಾಹ್ನ ಮತ್ತೆ ಅದೇ ಜಾಗದಲ್ಲಿ ನಿಂತಿತು. ಹಳೆಯ ಪಂಪ್ ಇವತ್ತಿಗೂ ನಮ್ಮ ಷೆಡ್ಡಿನಲ್ಲಿದೆ, ಅದರಲ್ಲಿ ಯಾವ ದೋಷವೂ ಇರಲಿಲ್ಲ.

ಗೋವಾದಲ್ಲಿ ಕಟ್ಟಿಗೆ ಡಿಪೋಗಳಲ್ಲಿ, ಬೇಕರಿಗಳಲ್ಲಿ ನಮ್ಮ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯವರು ಎಷ್ಟು ಜನ ಇದ್ದಾರೆ ಅಂತ ಗೊತ್ತಲ್ವಾ. ಅವರ ಕೈಯಲ್ಲಿ ನಾನು ನೋಡಿದ ಕೈಪಿಡಿ ಯಾವುದೂ ಕನ್ನಡದಲ್ಲಿರಲಿಲ್ಲ. ಹಾಗಾಗಿ ಆ ಮೂರು ದಿನ ಮತ್ತು ಆಮೇಲಿನ ವರ್ಷಗಳು ಕಲಿಸಿದ್ದನ್ನು, ನಾವು ಹುಡುಕುವ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ: ವೇಗ ಹೋಗಿದೆಯೋ, ಬಲ ಹೋಗಿದೆಯೋ?

ಮೋಟಾರ್ ಪಂಪನ್ನು ತಿರುಗಿಸುತ್ತದೆ, ಪಂಪ್ ಟ್ಯಾಂಕಿನ ಎಣ್ಣೆಯನ್ನು ಲಿವರಿರುವ ವಾಲ್ವಿನ ಮೂಲಕ ಸಿಲಿಂಡರಿಗೆ ತಳ್ಳುತ್ತದೆ, ಸಿಲಿಂಡರಿನ ರಾಡ್ ದಿಮ್ಮಿಯನ್ನು ಬೆಣೆಗೆ ಒತ್ತುತ್ತದೆ. ವೇಗ, ಬಲ ಇವೆರಡೂ ಬೇರೆ ಬೇರೆ ಕಾಯಿಲೆ. ವೇಗ ಬರುವುದು ಪಂಪ್ ಎಷ್ಟು ಎಣ್ಣೆ ತಳ್ಳುತ್ತದೆ ಅನ್ನುವುದರಿಂದ. ಬಲ ಬರುವುದು ಆ ಎಣ್ಣೆಯ ಮೇಲೆ ಎಷ್ಟು ಪ್ರೆಶರ್ ನಿಲ್ಲುತ್ತದೆ ಅನ್ನುವುದರಿಂದ. ಮಷಿನ್ ಮೆಲ್ಲಗೆ ಹೋದರೂ ಕೊನೆಗೆ ಮರ ಸೀಳಿದರೆ ಪ್ರೆಶರ್ ಇದೆ, ಎಣ್ಣೆ ಸಾಲುತ್ತಿಲ್ಲ. ಖಾಲಿ ಓಡುವಾಗ ಸರಿಯಿದ್ದು ಮರ ಮುಟ್ಟಿದ ಕೂಡಲೇ ನಿಂತರೆ ಎಣ್ಣೆ ಬರುತ್ತಿದೆ, ಪ್ರೆಶರ್ ಎಲ್ಲೋ ಸೋರಿಹೋಗುತ್ತಿದೆ.

ಇದನ್ನು ಕಣ್ಣಂದಾಜಿನಲ್ಲಿ ಹೇಳಲು ಹೋಗಬೇಡಿ. ಮೊಬೈಲಿನ ಸ್ಟಾಪ್‌ವಾಚ್ ತೆಗೆಯಿರಿ. ನಮ್ಮದು 7.5 ಎಚ್‌ಪಿ ತ್ರೀ ಫೇಸ್ ಮೋಟಾರ್, ಒಂದು ಸುತ್ತಿಗೆ 10 ಸಿಸಿ ಎಣ್ಣೆ ಕೊಡುವ ಗೇರ್ ಪಂಪ್, 100 ಮಿ.ಮೀ. ಒಳ ಅಳತೆಯ ಸಿಲಿಂಡರ್, 60 ಸೆಂ.ಮೀ. ಓಟ. ಮೋಟಾರ್ ನಿಮಿಷಕ್ಕೆ 1,440 ಸುತ್ತು ಸುತ್ತಿದರೆ ಪಂಪ್ 14 ಲೀಟರಿನಷ್ಟು ಎಣ್ಣೆ ಕೊಡುತ್ತದೆ. ಸಿಲಿಂಡರಿನ ಬಾಯಿ 78.5 ಚದರ ಸೆಂ.ಮೀ. ಭಾಗಿಸಿ ನೋಡಿದರೆ ಸೆಕೆಂಡಿಗೆ 3 ಸೆಂ.ಮೀ. ಓಟ. ಅಂದರೆ ಮುಂದಕ್ಕೆ 20 ಸೆಕೆಂಡ್. ಹಿಂದಕ್ಕೆ ಬರುವಾಗ ಒಳಗಿನ ರಾಡ್ ಜಾಗ ಹಿಡಿಯುವುದರಿಂದ ಎಣ್ಣೆ ಕಡಿಮೆ ಸಾಕು, 15 ಸೆಕೆಂಡ್. 180 ಬಾರ್ ಪ್ರೆಶರ್ ಇದ್ದರೆ ಬಲ 14 ಟನ್ನಿಗೆ ಸ್ವಲ್ಪ ಮೇಲೆ. ನಿಮ್ಮ ಮಷಿನ್ನಿನ ಅಳತೆ ಬೇರೆ ಇರಬಹುದು, ಲೆಕ್ಕ ಇದೇ. ಎರಡು ಹಂತದ ಪಂಪ್ ಇದ್ದರೆ ಖಾಲಿ ಓಟ ಇದಕ್ಕಿಂತ ತುಂಬಾ ಚುರುಕಾಗಿರುತ್ತದೆ. ಮರ ಮುಟ್ಟಿದ ಮೇಲೆ ಮಾತ್ರ ನಿಧಾನ ಆಗುತ್ತದೆ. ಅದು ದೋಷ ಅಲ್ಲ, ಅದರ ಗುಣವೇ ಹಾಗೆ.

ಈ ಅಂಕಿಗಳನ್ನು ಮಷಿನ್ ಚೆನ್ನಾಗಿರುವಾಗಲೇ ಬರೆದಿಡಬೇಕು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಎಣ್ಣೆ ಬಿಸಿಯಾದ ಮೇಲೆ ಒಮ್ಮೆ. ನಾವು ಬರೆದಿರಲಿಲ್ಲ. ಆದ್ದರಿಂದಲೇ ಪಂಪಿನ ದುಡ್ಡು ಹೋಯಿತು.

ಮರದ ದೋಷವನ್ನು ಮಷಿನ್ನಿನ ಮೇಲೆ ಹಾಕಬೇಡಿ

ಸ್ಪ್ಯಾನರ್ ಹಿಡಿಯುವ ಮೊದಲು ದಿಮ್ಮಿ ನೋಡಿ. ಹಸಿ ಅಕೇಶಿಯಾ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಅದೇ ಮರ ಬೇಸಿಗೆಯಲ್ಲಿ ಆರು ತಿಂಗಳು ಒಣಗಿದರೆ ಕಬ್ಬಿಣ. ಹುಣಸೆಯ ನಾರು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಕವಲಿನ ತುಂಡಾದರೆ 14 ಟನ್ ಮಷಿನ್ ನಿಲ್ಲುವುದು ಸಹಜ. ತೆಂಗಿನ ಕಾಂಡ ಸೀಳುವುದೇ ಇಲ್ಲ, ಬೆಣೆಗೆ ಕಚ್ಚಿಕೊಂಡು ನಾರುನಾರಾಗಿ ಹಿಂಜುತ್ತದೆ. ಗೇರು ಸೊಟ್ಟ, ಮೇಲೆ ಗೋಂದು ಬೇರೆ. ಗಾಳಿಮರ ಗಟ್ಟಿಯಾದರೂ ನೇರ. ಹಾಗಾಗಿ ನಮ್ಮ ಪರೀಕ್ಷೆಯ ಮರ ಯಾವಾಗಲೂ ಗಾಳಿಮರವೇ. ಒಂದೇ ದಪ್ಪದ, ಗಂಟಿಲ್ಲದ ತುಂಡು. ಅದರಲ್ಲೂ ಮಷಿನ್ ನಿಂತರೆ ಮಾತ್ರ ದೋಷ ಅಂತ ಒಪ್ಪಿಕೊಳ್ಳುತ್ತೇನೆ.

ಗಂಟಿನ ದಿಮ್ಮಿಯನ್ನು ನಡುವೆ ಸೀಳಲು ಹೋಗಬೇಡಿ. ಅಂಚಿನಿಂದ ಒಂದೊಂದೇ ಹೋಳು ತೆಗೆಯುತ್ತಾ ಬಂದರೆ ಅದೇ ಮಷಿನ್ನಿಗೆ ಅದೇ ದಿಮ್ಮಿ ಬಗ್ಗುತ್ತದೆ.

ಆಂಪ್ಸ್ ನೋಡಿದರೆ ಅರ್ಧ ಕೆಲಸ ಮುಗಿದಂತೆ

ಪ್ರೆಶರ್ ಏರಿದಷ್ಟೂ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಹಾಗಾಗಿ ಪ್ರೆಶರ್ ಗೇಜ್ ಇಲ್ಲದವರಿಗೆ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ದೊಡ್ಡ ಆಸರೆ. ವೈರ್ ಕಳಚಬೇಕಿಲ್ಲ, ಸುತ್ತ ಹಿಡಿದರೆ ಸಾಕು. 7.5 ಎಚ್‌ಪಿ ತ್ರೀ ಫೇಸ್ ಮೋಟಾರ್ ಪೂರ್ತಿ ಹೊರೆಯಲ್ಲಿ 11 ಆಂಪ್ಸ್ ಆಸುಪಾಸು ಎಳೆಯುತ್ತದೆ, ಖಾಲಿಯಲ್ಲಿ 4–5. ಈಗ ಬೆಣೆ ಮರದಲ್ಲಿ ಸಿಕ್ಕಿ ನಿಂತಿದೆ ಅಂದುಕೊಳ್ಳಿ. ಲಿವರ್ ಒತ್ತಿಹಿಡಿದೇ ಮೀಟರ್ ನೋಡಿ. 10–11 ತೋರಿಸಿದರೆ ಪಂಪ್ ತನ್ನ ಶಕ್ತಿಯನ್ನೆಲ್ಲಾ ಹಾಕುತ್ತಿದೆ, ಮರವೇ ಜಾಸ್ತಿಯಾಯಿತು. 6–7ರಲ್ಲೇ ನಿಂತಿದ್ದರೆ ಪ್ರೆಶರ್ ಕಟ್ಟುತ್ತಿಲ್ಲ. ನಮ್ಮದು ಆ ಮಧ್ಯಾಹ್ನ 7 ತೋರಿಸಿತು.

ಮೂರೂ ಫೇಸಿನಲ್ಲಿ ನೋಡುವುದು ಮರೆಯಬೇಡಿ. ಒಂದರಲ್ಲಿ ಸೊನ್ನೆ ಬಂದು ಉಳಿದೆರಡರಲ್ಲಿ ವಿಪರೀತ ಬಂದರೆ ಒಂದು ಫೇಸ್ ಹೋಗಿದೆ, ತಕ್ಷಣ ನಿಲ್ಲಿಸಿ. ಇಲ್ಲವಾದರೆ ಮೋಟಾರ್ ಸುಡುತ್ತದೆ. ವೋಲ್ಟೇಜ್ 415ರ ಬದಲು 350ಕ್ಕೆ ಇಳಿದಿದ್ದರೂ ಮೋಟಾರ್ ಜಾಸ್ತಿ ಆಂಪ್ಸ್ ಎಳೆದು, ಹೊರೆ ಮೀರಿದಾಗ ಕರೆಂಟ್ ಕಡಿಯುವ ಓವರ್‌ಲೋಡ್ ರಿಲೇ ಬೀಳಿಸುತ್ತದೆ. ಆಗ ರಿಲೇಯ ಮಿತಿಯನ್ನು ಮೇಲಕ್ಕೆ ತಿರುಗಿಸುವುದು ಪರಿಹಾರ ಅಲ್ಲ.

ಇನ್ನೊಂದು ಘಟನೆ. ಒಂದು ಮಳೆಗಾಲ ನಾವೇ ಸ್ಟಾರ್ಟರ್ ಪೆಟ್ಟಿಗೆಯನ್ನು ಸೋರದ ಗೋಡೆಗೆ ಸರಿಸಿದೆವು. ಮತ್ತೆ ಜೋಡಿಸಿ ಆನ್ ಮಾಡಿದರೆ ಮೋಟಾರ್ ಓಡುತ್ತದೆ, ಸಿಲಿಂಡರ್ ಅಲುಗಾಡುವುದಿಲ್ಲ. ಎಣ್ಣೆ ಇದೆ, ಸದ್ದು ಸರಿಯಿದೆ. ಎರಡು ವೈರ್ ಅದಲುಬದಲಾಗಿ ಮೋಟಾರ್ ಉಲ್ಟಾ ತಿರುಗುತ್ತಿತ್ತು. ನೋಡನೋಡುತ್ತಿದ್ದಂತೆ ಪಂಪಿನ ಶಾಫ್ಟ್ ಸೀಲ್ ಕಿತ್ತುಕೊಂಡು ಎಣ್ಣೆ ಸುರಿಯತೊಡಗಿತು. ಹೀಗಾಗಿ, ವೈರಿಂಗ್ ಯಾರೇ ಮುಟ್ಟಿರಲಿ, ಮೋಟಾರಿಗೂ ಪಂಪಿಗೂ ನಡುವಿನ ಕಪ್ಲಿಂಗ್ ಯಾವ ಕಡೆ ತಿರುಗುತ್ತದೆ ಅಂತ ಅರೆ ಕ್ಷಣ ಆನ್ ಮಾಡಿ ನೋಡಿಯೇ ಮುಂದಿನ ಕೆಲಸ. ಪಂಪಿನ ಮೇಲೆ ಬಾಣದ ಗುರುತು ಇಲ್ಲದಿದ್ದರೆ ಪೇಂಟಿನಲ್ಲಿ ನೀವೇ ಬರೆಯಿರಿ.

ಮೋಟಾರ್ ಸರಿಯಾದ ಕಡೆಗೇ ತಿರುಗಿದರೂ ಸಿಲಿಂಡರ್ ಕದಲದಿದ್ದರೆ ಕಪ್ಲಿಂಗ್ ಗಾರ್ಡ್ ಬಿಚ್ಚಿ. ನಡುವಿನ ರಬ್ಬರ್ ಪುಡಿಯಾಗಿರಬಹುದು, ಪಂಪ್ ಶಾಫ್ಟಿನ ಕೀ ತುಂಡಾಗಿರಬಹುದು. ಹತ್ತು ನಿಮಿಷದ ಕೆಲಸ.

ಎಣ್ಣೆಯ ಬಣ್ಣ, ನೊರೆ, ಬಿಸಿ

ನಾವು ಬಳಸುವುದು 68 ನಂಬರಿನ ಹೈಡ್ರಾಲಿಕ್ ಆಯಿಲ್. ಕರಾವಳಿಯ ಬಿಸಿಲಿಗೆ 46 ತೆಳುವಾಗುತ್ತದೆ ಅನ್ನುವುದು ನನ್ನ ಅನುಭವ. ಟ್ಯಾಂಕ್ 40 ಲೀಟರ್, ಅಂದರೆ ಪಂಪ್ ನಿಮಿಷಕ್ಕೆ ಎಳೆಯುವುದರ ಮೂರು ಪಟ್ಟಿನ ಹತ್ತಿರ. ಅದಕ್ಕಿಂತ ಚಿಕ್ಕ ಟ್ಯಾಂಕ್ ಇದ್ದರೆ ಎಣ್ಣೆಗೆ ಆರಲು ಸಮಯವೇ ಸಿಗುವುದಿಲ್ಲ. ಲೆವೆಲ್ ನೋಡುವಾಗ ರಾಡ್ ಪೂರ್ತಿ ಒಳಗಿರಲಿ. ಹೊರಗಿರುವಾಗ ನೋಡಿ ಎಣ್ಣೆ ತುಂಬಿದರೆ ಒಳಗೆ ಬಂದಾಗ ಉಕ್ಕುತ್ತದೆ.

ಒಂದು ಗಾಜಿನ ಲೋಟದಲ್ಲಿ ಎಣ್ಣೆ ಹಿಡಿದು ಬೆಳಕಿಗೆ ಹಿಡಿಯಿರಿ. ಹಾಲು ಬೆರೆಸಿದ ಹಾಗಿದ್ದರೆ ನೀರು ಸೇರಿದೆ. ಸಂಶಯ ಇದ್ದರೆ ಬಿಸಿ ತವೆಯ ಮೇಲೆ ಎರಡು ಹನಿ ಬಿಡಿ. ಚಟಪಟ ಅಂದರೆ ನೀರು ಖಂಡಿತ. ಈ ಕೆಲಸವನ್ನು ಬಯಲಲ್ಲಿ ಮಾಡಿ, ಮುಖ ದೂರ ಇಡಿ. ಗೋವಾದಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಮೇಲೆ ತಗಡಿದ್ದರೂ ಟ್ಯಾಂಕಿನ ಖಾಲಿ ಭಾಗದಲ್ಲಿ ರಾತ್ರಿ ತೇವ ಕೂಡಿ ಹನಿ ಹನಿಯಾಗಿ ಇಳಿಯುತ್ತದೆ. ನಾವು ಪ್ರತಿವರ್ಷ ದಸರಾ ಹೊತ್ತಿಗೆ ಟ್ಯಾಂಕಿನ ತಳದ ಪ್ಲಗ್ ಬಿಚ್ಚಿ ನೀರು ಬರುತ್ತದೆಯೇ ನೋಡುತ್ತೇವೆ. ಆಯುಧ ಪೂಜೆಗೆ ಮಷಿನ್ ತೊಳೆದು ಕುಂಕುಮ ಇಡುವ ಮೊದಲು ಆ ಕೆಲಸ ಮುಗಿದಿರಬೇಕು ಅಂತ ನಮ್ಮಲ್ಲಿ ಪದ್ಧತಿ.

ಎಣ್ಣೆಯಲ್ಲಿ ನೊರೆ ಇದ್ದು ಸಿಲಿಂಡರ್ ತಡೆತಡೆದು ಜಗ್ಗುತ್ತಾ ಹೋದರೆ ಪಂಪಿನ ಎಳೆಯುವ ಕಡೆ ಎಲ್ಲೋ ಗಾಳಿ ಸೇರುತ್ತಿದೆ. ಅಲ್ಲಿ ಎಣ್ಣೆ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಟ್ಯಾಂಕಿನಿಂದ ಪಂಪಿಗೆ ಬರುವ ಹೋಸಿನ ಎರಡೂ ತುದಿಗೆ ಗ್ರೀಸ್ ಬಳಿಯಿರಿ. ಬಳಿದ ಕೂಡಲೇ ಸದ್ದು ಬದಲಾದರೆ ಆ ಜಾಯಿಂಟೇ ಕಳ್ಳ. ಬಳಿಯುವ ಕೈ ಕಪ್ಲಿಂಗಿನಿಂದ ದೂರ ಇರಲಿ, ತೋಳಿನ ಬಟ್ಟೆ ಮಡಚಿರಲಿ.

ನೊರೆ ಇಲ್ಲ, ಆದರೆ ಪಂಪ್ ಒಂದೇ ಸಮ ಕಿರುಗುಟ್ಟುತ್ತದೆ, ಓಟವೂ ನಿಧಾನ ಅಂದರೆ ಎಣ್ಣೆ ಎಳೆಯಲು ಕಷ್ಟ ಆಗುತ್ತಿದೆ. ಮೊದಲು ಟ್ಯಾಂಕಿನ ಮುಚ್ಚಳ ಸಡಿಲಿಸಿ. ಸದ್ದು ನಿಂತರೆ ಮುಚ್ಚಳದ ಗಾಳಿಕಿಂಡಿ ಮರದ ಹೊಟ್ಟಿನಿಂದ ಕಟ್ಟಿದೆ. ನಮ್ಮ ಡಿಪೋದಲ್ಲಿ ಇದು ವರ್ಷಕ್ಕೆರಡು ಸಲ ಆಗುತ್ತದೆ. ಸದ್ದು ನಿಲ್ಲದಿದ್ದರೆ ಟ್ಯಾಂಕಿನೊಳಗಿನ ಎಣ್ಣೆ ಸೋಸುವ ಸ್ಟ್ರೇನರ್ ತೆಗೆದು ಡೀಸೆಲ್ಲಿನಲ್ಲಿ ತೊಳೆಯಿರಿ. ಅದೂ ಸ್ವಚ್ಛ ಇದ್ದರೆ ಎಳೆಯುವ ಹೋಸ್ ಅದುಮಿ ನೋಡಿ. ಹಳೆಯ ಹೋಸ್ ಹೊರಗೆ ಚೆನ್ನಾಗಿ ಕಂಡು, ಒಳಪದರ ಕಳಚಿಕೊಂಡು ದಾರಿ ಮುಚ್ಚಿರುತ್ತದೆ.

ಬಿಸಿ ವಿಷಯ. ಟ್ಯಾಂಕ್ 60 ಡಿಗ್ರಿ ತನಕ ಚಿಂತೆ ಇಲ್ಲ. 80 ದಾಟಿದರೆ ಎಣ್ಣೆಯೂ ಸೀಲುಗಳೂ ಬೇಗ ಹಾಳಾಗುತ್ತವೆ. ಬಿಸಿಯೇ ಒಂದು ಸುಳಿವು. ಪ್ರೆಶರಿನಲ್ಲಿರುವ ಎಣ್ಣೆ ಕೆಲಸ ಮಾಡದೆ ಸಂದಿಯಿಂದ ನುಸುಳಿದರೆ ಆ ಶಕ್ತಿಯೆಲ್ಲಾ ಬಿಸಿಯಾಗುತ್ತದೆ. ಎಲ್ಲಿ ನುಸುಳುತ್ತದೋ ಅಲ್ಲೇ ಮೊದಲು ಬಿಸಿ. ಹಾಗಾಗಿ ನಾನೊಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ಪಂಪ್, ವಾಲ್ವ್, ಸಿಲಿಂಡರ್ ಮೂರಕ್ಕೂ ಹಿಡಿದರೆ ಯಾವುದು ಅನ್ನುವ ಅಂದಾಜು ಸಿಗುತ್ತದೆ.

ಬೆಳಿಗ್ಗೆ ಬಲ, ಮಧ್ಯಾಹ್ನ ಸುಸ್ತು

ಕುಷ್ಟಗಿ ಹುಡುಗ ಹೇಳಿದ್ದು ಇದೇ. ತಣ್ಣಗಿನ ಎಣ್ಣೆ ಗಟ್ಟಿ, ಚಿಕ್ಕ ಸಂದಿಯಲ್ಲಿ ಸುಲಭವಾಗಿ ನುಸುಳುವುದಿಲ್ಲ. ಬಿಸಿಯಾದಾಗ ನೀರಿನಂತಾಗುತ್ತದೆ, ಅದೇ ಸಂದಿ ದೊಡ್ಡ ಬಾಗಿಲಾಗುತ್ತದೆ. ಬಿಸಿಯಾದ ಮೇಲೆ ಮಾತ್ರ ಬಲ ಹೋದರೆ ಒಳಗೆ ಎಲ್ಲೋ ಸವೆತ ಇದೆ ಅಂತಲೇ ಅರ್ಥ. ಪಂಪಿನಲ್ಲಿರಬಹುದು, ಪ್ರೆಶರ್ ಮಿತಿ ಮೀರಿದರೆ ಎಣ್ಣೆಯನ್ನು ಟ್ಯಾಂಕಿಗೆ ವಾಪಸ್ ಬಿಡುವ ರಿಲೀಫ್ ವಾಲ್ವಿನಲ್ಲಿರಬಹುದು, ಸಿಲಿಂಡರಿನೊಳಗೆ ಎಣ್ಣೆ ಆಚೆ ನುಸುಳದಂತೆ ತಡೆಯುವ ಪಿಸ್ಟನ್ ಸೀಲಿನಲ್ಲಿರಬಹುದು. ಹೊರಗಿನ ಲಕ್ಷಣ ಮೂರಕ್ಕೂ ಒಂದೇ. ಸದ್ದು ಕೇಳಿ ಯಾವುದು ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ಬೇರ್ಪಡಿಸಿ ನೋಡಲೇಬೇಕು.

ಅದಕ್ಕೆ ಬೇಕಿರುವುದು ಒಂದು ಪ್ರೆಶರ್ ಗೇಜ್ ಮತ್ತು ಎರಡು ಉಕ್ಕಿನ ಪ್ಲಗ್. ಗೇಜ್ ಗ್ಲಿಸರಿನ್ ತುಂಬಿದ್ದಾಗಿರಲಿ, ಮುಳ್ಳು ನಡುಗುವುದಿಲ್ಲ. 250 ಬಾರ್ ತನಕ ತೋರಿಸಬೇಕು. ಪಂಪಿಗೂ ವಾಲ್ವಿಗೂ ನಡುವೆ ಕೂರಿಸಬೇಕು. ಪ್ಲಗ್ ಆ ಪ್ರೆಶರಿಗೆಂದೇ ಮಾಡಿದ, ಅದೇ ಥ್ರೆಡ್ಡಿನ ಉಕ್ಕಿನದ್ದೇ ಆಗಬೇಕು. ಬಟ್ಟೆ ಸುತ್ತಿದ ಬೋಲ್ಟ್, ರಬ್ಬರ್ ಬೂಚು ಇಂಥದ್ದನ್ನು ಹಾಕಿದರೆ ಅದು ಗುಂಡಿನ ಹಾಗೆ ಹಾರುತ್ತದೆ.

ಬಿಚ್ಚುವ ಮೊದಲು ಮೋಟಾರ್ ಆಫ್. ಫ್ಯೂಸ್ ಕಿತ್ತು ಜೇಬಿಗೆ. ಲಿವರನ್ನು ಎರಡೂ ಕಡೆ ಎರಡೆರಡು ಸಲ ಎಳೆದು ಒಳಗೆ ಉಳಿದ ಪ್ರೆಶರ್ ಬಿಡಿ. ಆಮೇಲೆ ಸ್ಪ್ಯಾನರ್. ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಕೈಯಿಂದ ಸವರಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿಯಿರಿ. ಅಷ್ಟು ಪ್ರೆಶರಿನ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ, ಬಹಳ ಸಲ ಆರಂಭದಲ್ಲಿ ನೋವೂ ಇರುವುದಿಲ್ಲ. ಕೆಲವೇ ಗಂಟೆಯಲ್ಲಿ ಬೆರಳು, ಕೈ ಕಳೆದುಕೊಳ್ಳುವ ಹಂತಕ್ಕೆ ಹೋಗಬಹುದು. ಹಾಗೇನಾದರೂ ಆದರೆ ಮುಲಾಮು ಹಚ್ಚಿ ಕೂರದೆ ಆಪರೇಷನ್ ಮಾಡುವ ಆಸ್ಪತ್ರೆಗೆ ಆ ಕ್ಷಣವೇ ಓಡಿ, ಪ್ರೆಶರಿನ ಎಣ್ಣೆ ಹೊಕ್ಕಿದೆ ಅಂತ ಬಾಯಿಬಿಟ್ಟು ಹೇಳಿ.

ನಾವು ಮಾಡಿದ್ದು ಹೀಗೆ. ಮಧ್ಯಾಹ್ನ ಮೂರು ಗಂಟೆಗೆ, ಎಣ್ಣೆ ಬಿಸಿ ಇರುವಾಗ, ಸಿಲಿಂಡರನ್ನು ಪೂರ್ತಿ ಮುಂದಕ್ಕೆ ಓಡಿಸಿ ತುದಿ ಮುಟ್ಟಿಸಿ ಲಿವರ್ ಒತ್ತಿಹಿಡಿದೆವು. ಗೇಜ್ 110ರಲ್ಲಿ ನಿಂತಿತು. ಬೆಳಿಗ್ಗೆ ಅದೇ ಜಾಗದಲ್ಲಿ 175 ಇತ್ತು. 110 ಬಾರ್ ಅಂದರೆ ಬಲ 9 ಟನ್ನಿಗೂ ಕಡಿಮೆ. ಖಾಲಿ ಓಟ 20 ಸೆಕೆಂಡಿನ ಬದಲು 23 ಆಗಿತ್ತು. ಅಂದರೆ ವೇಗ ಸ್ವಲ್ಪ, ಬಲ ಜಾಸ್ತಿ ಹೋಗಿದೆ.

ಮೋಟಾರ್ ನಿಲ್ಲಿಸಿ ಸಿಲಿಂಡರಿಗೆ ಹೋಗುವ ಎರಡೂ ಹೋಸ್ ಬಿಚ್ಚಿದೆವು. ವಾಲ್ವಿನ ಆ ಎರಡು ಬಾಯಿಗೆ ಪ್ಲಗ್ ಬಿಗಿದೆವು. ಈಗ ಸಿಲಿಂಡರ್ ಲೆಕ್ಕದಲ್ಲೇ ಇಲ್ಲ. ಎಣ್ಣೆ ಆರುವ ಮೊದಲೇ ಮತ್ತೆ ಆನ್ ಮಾಡಿ ಎರಡು ಸೆಕೆಂಡ್ ಮಾತ್ರ ಲಿವರ್ ಒತ್ತಿದೆ. ಮುಳ್ಳು ಸರ್ರನೆ 180ಕ್ಕೆ ಏರಿತು.

ಪಂಪ್ ಸರಿಯಿದೆ. ರಿಲೀಫ್ ವಾಲ್ವ್ ಸರಿಯಿದೆ. ಸೋರುತ್ತಿರುವುದು ಸಿಲಿಂಡರಿನೊಳಗೆ. ಈ ಪರೀಕ್ಷೆಗೆ ಹಿಡಿದದ್ದು ಮುಕ್ಕಾಲು ಗಂಟೆ. ಪಂಪ್ ಬದಲಿಸುವ ಮುಂಚೆ ಇದನ್ನು ಮಾಡಿದ್ದರೆ ಎಂಬ ಸಂಕಟ ನನಗೆ ಇನ್ನೂ ಇದೆ.

ನಿಮ್ಮಲ್ಲಿ ಪ್ಲಗ್ ಹಾಕಿದ ಮೇಲೂ ಮುಳ್ಳು ಏರದಿದ್ದರೆ ದೋಷ ಪಂಪಿನಲ್ಲಿ ಅಥವಾ ರಿಲೀಫ್ ವಾಲ್ವಿನಲ್ಲಿ. ಆಗ ಟ್ಯಾಂಕಿಗೆ ವಾಪಸ್ ಬೀಳುವ ಎಣ್ಣೆ ನೋಡಿ. ಧಾರೆ ಜೋರಾಗಿದ್ದು ವಾಲ್ವ್ ಬೇಗ ಬಿಸಿಯಾದರೆ ರಿಲೀಫ್ ವಾಲ್ವ್ ತೆರೆದೇ ಇದೆ. ಬಹಳ ಸಲ ಕಸ ಸಿಕ್ಕಿಕೊಂಡಿರುತ್ತದೆ, ಬಿಚ್ಚಿ ತೊಳೆದರೆ ಸಾಕು. ಧಾರೆ ಸಣ್ಣಗಾಗಿ ಪಂಪೇ ಬಿಸಿಯಾದರೆ ಪಂಪ್ ಒಳಗೆ ಸವೆದಿದೆ.

ರಿಲೀಫ್ ವಾಲ್ವಿನ ಸ್ಕ್ರೂ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬಲ ಕಡಿಮೆ ಅನಿಸಿದ ಕೂಡಲೇ ಎಲ್ಲರ ಕೈ ಹೋಗುವುದು ಅಲ್ಲಿಗೆ. ಎರಡು ಸುತ್ತು ಬಿಗಿ ಮಾಡಿದರೆ ಆ ದಿನದ ಕೆಲಸ ಆಗುತ್ತದೆ ಅನಿಸುತ್ತದೆ. ಸೀಲ್ ಸೋರುತ್ತಿದ್ದರೆ ಅದರಿಂದ ಏನೂ ಆಗುವುದಿಲ್ಲ. ಆದರೆ ಮುಂದೆ ಸೀಲ್ ಹೊಸದಾದ ದಿನ ಆ ಬಿಗಿದ ಸ್ಕ್ರೂ ಹಾಗೇ ಇರುತ್ತದೆ. ನನಗೆ ಗೊತ್ತಿರುವ ಒಂದು ಡಿಪೋದಲ್ಲಿ ಹೀಗೇ ಆಗಿ, ಹೋಸ್ ಒಡೆದು ಬಿಸಿ ಎಣ್ಣೆ ಇಬ್ಬರ ಮೈಮೇಲೆ ಬಿತ್ತು. ಸ್ಕ್ರೂವಿನ ತಲೆಗೆ ಪೇಂಟ್ ಗುರುತು ಹಾಕಿ, ಗೇಜ್ ಇಲ್ಲದೆ ಅದನ್ನು ಮುಟ್ಟಬೇಡಿ.

ಸೀಲ್ ಹರಿದದ್ದು ಯಾಕೆ?

ಸಿಲಿಂಡರ್ ಬಿಚ್ಚಿದಾಗ ಪಿಸ್ಟನ್ ಸೀಲ್ ಒಂದೇ ಪಕ್ಕದಲ್ಲಿ ಸವೆದು ಚೂರಾಗಿತ್ತು. ಇನ್ನೊಂದು ಪಕ್ಕ ಹೊಸದರಂತಿತ್ತು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಸೀಲ್ ಕಿಟ್ ತರಿಸಿದೆ, ಪಂಪಿನ ಮುಂದೆ ಅದರ ಬೆಲೆ ಏನೂ ಅಲ್ಲ. ಹಾಕಿ ಮುಚ್ಚಿಬಿಟ್ಟಿದ್ದರೆ ಆರು ತಿಂಗಳಲ್ಲಿ ಅದೂ ಹರಿಯುತ್ತಿತ್ತು.

ಒಂದೇ ಪಕ್ಕ ಸವೆಯಬೇಕಾದರೆ ಏನೋ ಅದನ್ನು ಪಕ್ಕಕ್ಕೆ ಒತ್ತುತ್ತಿರಬೇಕು. ದಿಮ್ಮಿಯನ್ನು ತಳ್ಳುವ ಪ್ಲೇಟ್ ಉದ್ದನೆಯ ಕಬ್ಬಿಣದ ತೊಲೆಯ ಮೇಲೆ ಜಾರುತ್ತದೆ. ಅದು ಮೇಲೇಳದಂತೆ ಕೆಳಗೆ ಎರಡು ಪಟ್ಟಿ, ನಾಲ್ಕು ಬೋಲ್ಟ್. ಆ ಪಟ್ಟಿ ಸವೆದು ಬೋಲ್ಟ್ ಸಡಿಲಾಗಿ 4 ಮಿ.ಮೀ. ಸಂದಿ ಆಗಿತ್ತು. ನೇರ ಗಾಳಿಮರ ಸೀಳುವಾಗ ಇದು ತಿಳಿಯುವುದಿಲ್ಲ. ಸೊಟ್ಟ ಗೇರು ದಿಮ್ಮಿ ಇಟ್ಟಾಗ ಪ್ಲೇಟ್ ಓರೆಯಾಗುತ್ತದೆ. ಒತ್ತಡದ ಒಂದು ಪಾಲು ಪಕ್ಕಕ್ಕೆ ತಿರುಗಿ ರಾಡಿನ ಮೇಲೆ, ಅಲ್ಲಿಂದ ಸೀಲಿನ ಮೇಲೆ ಬೀಳುತ್ತದೆ. ಗೇರಿನ ಹಂಗಾಮು ಶುರುವಾದ ಮೇಲೆಯೇ ನಮ್ಮ ಮಷಿನ್ ಕೈಕೊಟ್ಟದ್ದು ಇದಕ್ಕೇ.

ಹೊಸ ಪಟ್ಟಿ ಹಾಕಿ, ಸಂದಿ 1 ಮಿ.ಮೀ.ಗೆ ತಂದೆವು. ಸಿಲಿಂಡರಿನ ಒಳಗೋಡೆಗೆ ಟಾರ್ಚ್ ಬಿಟ್ಟು ನೋಡಿದಾಗ ತೆಳುವಾದ ಗೀರುಗಳಿದ್ದವು. ಉಗುರಿಗೆ ಸಿಕ್ಕುವಷ್ಟು ಆಳ ಇರಲಿಲ್ಲ. ಕುಂಡಯ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಹೋನಿಂಗ್ ಮಾಡಿಸಿದೆವು, ಅಂದರೆ ಒಳಗೋಡೆಯನ್ನು ಉಜ್ಜಿ ನಯ ಮಾಡಿಸಿದೆವು. ಉಗುರು ಸಿಕ್ಕಿಕೊಳ್ಳುವಂಥ ಗೀರಾದರೆ ಹೊಸ ಸೀಲ್ ಹಾಕಿ ಪ್ರಯೋಜನ ಇಲ್ಲ, ಪೈಪೇ ಬದಲಾಗಬೇಕು.

ಆವತ್ತಿನಿಂದ ಪ್ರತಿ ಸೋಮವಾರ ಆ ನಾಲ್ಕು ಬೋಲ್ಟಿಗೆ ಸ್ಪ್ಯಾನರ್, ತೊಲೆಗೆ ಗ್ರೀಸ್. ಗೇರು ದಿಮ್ಮಿಯ ಎರಡೂ ತುದಿ ಚೌಕವಾಗಿ ಕತ್ತರಿಸಿಯೇ ಮಷಿನ್ನಿಗೆ ಇಡುತ್ತೇವೆ. ಲಿವರಿನಲ್ಲಿ ಒಬ್ಬ, ದಿಮ್ಮಿ ಹಿಡಿಯಲು ಇನ್ನೊಬ್ಬ ಅನ್ನುವ ಪದ್ಧತಿ ಬಿಟ್ಟೆವು. ಇಟ್ಟವನೇ ಲಿವರ್ ಒತ್ತಬೇಕು. ಒತ್ತಿಯೇ ಇರಲಿ ಅಂತ ಲಿವರಿಗೆ ತಂತಿ ಕಟ್ಟುವುದಂತೂ ಬೇಡವೇ ಬೇಡ.

ಕತ್ತರಿಸುವ ಗರಗಸ ಕೂಡ ಇದ್ದರೆ

ಕತ್ತರಿಸಿ, ಸೀಳಿ, ಬೆಲ್ಟಿನ ಮೇಲೆ ಲಾರಿಗೆ ಏರಿಸುವ ದೊಡ್ಡ ಮಷಿನ್ನುಗಳಲ್ಲಿ ಚೈನ್ ಸಾ ಕೂಡ ಒಳಗೇ ಇರುತ್ತದೆ. ಅದರ ಆರೋಗ್ಯ ಕೆಳಗೆ ಬಿದ್ದದ್ದನ್ನು ನೋಡಿದರೆ ಗೊತ್ತಾಗುತ್ತದೆ. ಹಲ್ಲು ಚೂಪಾಗಿದ್ದರೆ ಚಕ್ಕೆ ಬೀಳುತ್ತದೆ, ಮೊಂಡಾದರೆ ಹಿಟ್ಟು ಬೀಳುತ್ತದೆ. ಕತ್ತರಿಸಿದ ಮುಖ ಬಾಳೆಕಾಯಿಯ ಹಾಗೆ ಬಾಗಿದ್ದರೆ ಒಂದು ಪಕ್ಕದ ಹಲ್ಲು ಇನ್ನೊಂದಕ್ಕಿಂತ ಗಿಡ್ಡವಾಗಿದೆ ಅಥವಾ ಚೈನ್ ಸುತ್ತುವ ಪಟ್ಟಿಯ, ಅಂದರೆ ಬಾರಿನ, ಒಂದು ಅಂಚು ಸವೆದಿದೆ. ಹೊಗೆ ಬಂದರೆ ಚೈನ್ ಆಯಿಲ್ ಬರುತ್ತಿಲ್ಲ. ಬಾರಿನ ತೂತಿನಲ್ಲಿ ಹೊಟ್ಟು ಕಟ್ಟಿರುತ್ತದೆ, ತಂತಿಯಿಂದ ತೆಗೆಯಿರಿ.

ಗೋವಾದಲ್ಲಿ ಚೈನಿನ ದೊಡ್ಡ ಶತ್ರು ಕೆಂಪು ಮಣ್ಣು. ದಿಮ್ಮಿಯನ್ನು ಜಂಬಿಟ್ಟಿಗೆ ನೆಲದ ಮೇಲೆ ಎಳೆದು ತಂದರೆ ಆ ಹರಳು ತೊಗಟೆಯೊಳಗೆ ಕೂತುಬಿಡುತ್ತದೆ. ಬೆಳಿಗ್ಗೆ ಉಜ್ಜಿದ ಚೈನ್ ಹತ್ತು ಸಲ ಕತ್ತರಿಸುವಷ್ಟರಲ್ಲಿ ಮೊಂಡು. ಇಲ್ಲಿ ಮಷಿನ್ ಬಿಚ್ಚಿ ಉಪಯೋಗ ಇಲ್ಲ. ತಂತಿ ಬ್ರಷ್ ಹಿಡಿದು ದಿಮ್ಮಿ ಉಜ್ಜಿ, ನೆಲಕ್ಕೆ ಎರಡು ಅಡ್ಡ ಮರ ಹಾಕಿ ಮೇಲೆ ಇಳಿಸಿ. ಹಳೆಯ ಗೇರು ತೋಟದ ಬೇಲಿ ಮರಗಳಲ್ಲಿ ಮುಳ್ಳುತಂತಿ ಒಳಗೇ ಬೆಳೆದುಕೊಂಡಿರುತ್ತದೆ, ಅವನ್ನು ಬೇರೆ ಇಡಿ.

ಕೊಳ್ಳುವವರಿಗೆ

ಮೊದಲು ನಿಮ್ಮ ಮರ ಯಾವುದು ಅಂತ ನೋಡಿ. ಕತ್ತರಿಸಿ ಸೀಳುವ ದೊಡ್ಡ ಮಷಿನ್ನಿಗೆ ನೇರ ದಿಮ್ಮಿ ಬೇಕು. ಗಾಳಿಮರ, ಅಕೇಶಿಯಾ ಜಾಸ್ತಿ ಬರುವ ಡಿಪೋಗೆ ಅದು ಒಳ್ಳೆಯದು. ನಮ್ಮ ಹಾಗೆ ಗೇರು, ಮಾವು, ಹಳೆಯ ಹುಣಸೆ ಬರುವ ಕಡೆ ದಿಮ್ಮಿ ಒಳಗೆ ಸಿಕ್ಕಿಕೊಳ್ಳುವುದೇ ಜಾಸ್ತಿ. ಅಂಥವರಿಗೆ ಒಂದು ಚೈನ್ ಸಾ, ಒಂದು ಸೀಳುವ ಮಷಿನ್ ಬೇರೆ ಬೇರೆ ಇದ್ದರೆ ಚೆನ್ನ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮರ ಎಲ್ಲಿಂದ ಬಂತು ಎಂಬ ಕಾಗದವೂ ಇರಲಿ. ಗೋವಾದಲ್ಲಿ 1984ರ ಮರ ಸಂರಕ್ಷಣಾ ಕಾಯ್ದೆ ಇದೆ, ಅನುಮತಿ ಇಲ್ಲದೆ ಕಡಿದ ಮರ ಡಿಪೋಗೆ ಬೇಡ.

ಟನ್ ಎಷ್ಟು ಅಂತ ಮಾತ್ರ ಕೇಳಬೇಡಿ. ಸಿಲಿಂಡರ್ ಅಳತೆ, ಪ್ರೆಶರ್, ಪಂಪಿನ ಸಿಸಿ ಮೂರನ್ನೂ ಕೇಳಿ ಮೇಲಿನ ಲೆಕ್ಕ ನೀವೇ ಹಾಕಿ. 100 ಮಿ.ಮೀ. ಸಿಲಿಂಡರ್, 180 ಬಾರ್ ಅಂತ ಹೇಳಿ 25 ಟನ್ ಅಂದರೆ ಲೆಕ್ಕ ಕೂಡುವುದಿಲ್ಲ. ಗೇಜ್ ಹಾಕಲು ಬಾಯಿ ಇದೆಯಾ, ತಳ್ಳುವ ಪ್ಲೇಟಿನ ಪಟ್ಟಿ ಬದಲಿಸಲು ಬರುತ್ತದಾ, ಟ್ಯಾಂಕ್ ಎಷ್ಟು ಲೀಟರ್, ಸೀಲಿನ ಅಳತೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವಂಥದ್ದಾ ಅಂತ ನೋಡಿ. ಕರೆಂಟ್ ನೆಚ್ಚಿಕೊಳ್ಳಲಾಗದ ಊರಲ್ಲಿ ಟ್ರ್ಯಾಕ್ಟರಿನಿಂದ ಓಡುವ ಮಷಿನ್ ಒಳ್ಳೆಯದು.

ಹಳೆಯ ಮಷಿನ್ ಕೊಳ್ಳುವುದಾದರೆ ರಾಡಿನ ಮೇಲಿನ ಕ್ರೋಮ್ ನೋಡಿ. ಮಳೆಗಾಲದಲ್ಲಿ ರಾಡ್ ಹೊರಗೆ ಬಿಟ್ಟಿದ್ದರೆ ತುಕ್ಕಿನ ಚುಕ್ಕೆ ಬಿದ್ದಿರುತ್ತದೆ, ಆ ಚುಕ್ಕೆ ಸೀಲನ್ನು ಅರದ ಹಾಗೆ ಉಜ್ಜುತ್ತದೆ. ನಾವು ಜೂನ್ ಬಂದರೆ ದಿನದ ಕೊನೆಗೆ ರಾಡ್ ಪೂರ್ತಿ ಒಳಗೆಳೆದೇ ಮನೆಗೆ ಹೋಗುತ್ತೇವೆ.

ಹೋದ ವರ್ಷ ಎರಡನೇ ಮಷಿನ್ ನೋಡಲು ವಾಸ್ಕೊ ಕಡೆ ಹೋದಾಗ ಟೆಂಪೋದಲ್ಲಿ ನಮ್ಮದೇ ಗಂಟಿನ ಗೇರು ದಿಮ್ಮಿ ಮೂರು ಹಾಕಿಕೊಂಡು ಹೋಗಿದ್ದೆ. ಮಾರುವವರು ಮೊದಲ ದಿಮ್ಮಿ ಸೀಳಿ ತೋರಿಸಿ ಚಹಾಕ್ಕೆ ಕರೆದರು. ಚಹಾ ಕುಡಿಯುವಾಗಲೂ ಮಷಿನ್ ಓಡಿಸುತ್ತಿರಿ ಅಂತ ಕೇಳಿಕೊಂಡೆ. ಎರಡು ಗಂಟೆ ಅವರದೇ ಕಟ್ಟಿಗೆ ಸೀಳಿದೆವು. ಟ್ಯಾಂಕ್ 58 ಡಿಗ್ರಿಗೆ ಬಂದ ಮೇಲೆ ಉಳಿದ ಎರಡು ದಿಮ್ಮಿ ಇಟ್ಟೆ. ಗೇಜ್ 170ಕ್ಕೆ ಏರಿತು, ಎರಡೂ ಬಿಚ್ಚಿಕೊಂಡವು. ಖಾಲಿ ಓಟ ಬೆಳಿಗ್ಗೆ 18 ಸೆಕೆಂಡ್, ಆಗಲೂ 18. ಅಲ್ಲೇ ಮುಂಗಡ ಕೊಟ್ಟು ಬಂದೆ. ಆ ಅಂಕಿಗಳು ಈಗ ಅದರ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಗೆ ಪೇಂಟಿನಲ್ಲಿವೆ.